ನಿನ್ನ ಅಪ್ಪ ಜೈಲಿಗೆ ಹೋದ ಕಾರಣ

ಮಾಲತಿ, ನಿನ್ನ ಅಪ್ಪ ದೇಶಕ್ಕಾಗಿ ಜೈಲಿಗೆ ಹೋದವನಲ್ಲ. ಕುಡಿತದಿಂದ ಹೋದವನು. ಸತ್ಯಾಗ್ರಹದ ಕಥೆ ಕಟ್ಟಿದವನು ನಾನು — ಅವನ ಒಡಹುಟ್ಟಿದ ಅಣ್ಣ, ನಿನ್ನ ದೊಡ್ಡಪ್ಪ. ಇಷ್ಟು ವರ್ಷ ನೀನು ಆ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ, ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.

ನಿನ್ನೆ ನೀನು ಆಡಿದ ಮಾತಿನ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ನಿನ್ನ ತಮ್ಮ ಸುಧೀರ ಗರ್ದ — ಆ ಹಾಳು ಕಂದು ಮಾದಕ ಪುಡಿ — ಸೇದುತ್ತ ಸಿಕ್ಕಿಬಿದ್ದು ಒಳಗಿದ್ದಾನೆ. ಯಾರಾದರೂ ಜಾಮೀನು ನಿಂತರೆ ಬಿಡಿಸಿ ಆಸ್ಪತ್ರೆಗೆ ಸೇರಿಸಬಹುದು ಎಂದು ವಕೀಲರು ಹೇಳಿದರು. ನೀನು ಒಪ್ಪಲಿಲ್ಲ. "ಬ್ಯಾಡ್ರಿ ದೊಡ್ಡಪ್ಪಾ. ಅಪ್ಪಾ ಅಷ್ಟ ದಿವಸ ಜೇಲಿನ್ಯಾಗ ಇದ್ದು ಗಟ್ಟಿಯಾಗಿ ಹೊರಗ ಬಂದ್ರು. ಇವನೂ ನಾಕ್ ತಿಂಗಳ ಇರ್ಲಿ, ಹಾದಿಗೆ ಬರ್ತಾನ" ಎಂದೆ. ಗಟ್ಟಿಯಾಗಿ ಬಂದನೇ — ನಿನಗೆ ಹೇಗೆ ಗೊತ್ತಾಗಬೇಕು? ನೀವಿಬ್ಬರೂ ಆಗ ಧಾರವಾಡದಲ್ಲಿ ಅಜ್ಜಿಯ ಮನೆಯಲ್ಲಿದ್ದಿರಿ. ಅವನು ಸತ್ತ ಮೇಲೆಯೇ ನಾನು ನಿಮ್ಮನ್ನು ಪುಣೆಗೆ ಕರೆಸಿಕೊಂಡದ್ದು.

ಅದು ತುರ್ತು ಪರಿಸ್ಥಿತಿಯ ಕಾಲ. ಪುಣೆಯ ಅಂಚಿನ ಹಡಪಸರದ ಆಚೆ ಒಂದು ಕಳ್ಳಭಟ್ಟಿಯ ಮೇಲೆ ಪೊಲೀಸರು ದಾಳಿ ಮಾಡಿದರು. ನಿನ್ನ ಅಪ್ಪ ವಸಂತ ಅಲ್ಲೇ ಬಿದ್ದಿದ್ದ. ನೆಟ್ಟಗೆ ನಿಲ್ಲಲಾರದ ಮನುಷ್ಯ ಒಬ್ಬ ಪೊಲೀಸನ ತಲೆಗೆ ಬಾಟಲಿ ಬೀಸಿದ, ಶಿಕ್ಷೆಯಾಯಿತು. ತಮ್ಮ ಕಾಣುತ್ತಿಲ್ಲವಲ್ಲ ಎಂದು ನಮ್ಮ ವಾಡೆಯವರು, ಅಂದರೆ ವಠಾರದ ಜನ, ಕೇಳಿದಾಗ ನಾನು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಮರಾಠಿಯಲ್ಲಿ "ಆತ ಆಹೇ" ಎಂದೆ — ಒಳಗಿದ್ದಾನೆ. ಅಷ್ಟೇ. ಆ ದಿನಗಳಲ್ಲಿ ಯಾರೂ ಅದಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ. ಸರ್ಕಾರದ ವಿರುದ್ಧ ಸತ್ಯಾಗ್ರಹ ಮಾಡಿ ಹೋಗಿದ್ದಾನೆ ಎಂದು ಉಳಿದದ್ದನ್ನು ಅವರೇ ತುಂಬಿಕೊಂಡರು. ಬಾಡಿಗೆಗೆ ತಡವಾದರೆ ಮುಖ ಗಂಟಿಕ್ಕುತ್ತಿದ್ದ ಮನೆಯ ಮಾಲೀಕ ಮರುದಿನ ನನಗೆ ಕುರ್ಚಿ ಹಾಕಿ ಕೂರಿಸಿದ. ಹೇಳಿಬಿಡುತ್ತೇನೆ — ಆ ಮರ್ಯಾದೆ ನನಗೆ ಭಾಳ ಹಿಡಿಸಿತು.

ಜೈಲಿನ ಡಾಕ್ಟರು ನನ್ನನ್ನು ಒಂದು ಸಲ ಕರೆಸಿದರು. ಕುಡಿತ ಏಕಾಏಕಿ ನಿಂತು ವಸಂತನಿಗೆ ಫಿಟ್ಸ್ ಬಂದಿತ್ತು. ಗೋಡೆಯ ಮೇಲೆ ಹುಳ ಹರಿದಾಡುತ್ತವೆ ಎಂದು ಉಗುರು ಕಿತ್ತುಹೋಗುವಂತೆ ಕೆರೆಯುತ್ತಿದ್ದನಂತೆ. ನಾಟಕ ಮಾಡುತ್ತಾನೆಂದು ಕೈಕಾಲು ಕಟ್ಟಿ ಹಾಕಿದ್ದರು. ಡಾಕ್ಟರಿಗೆ ಸುದ್ದಿ ತಲುಪಿದ್ದೇ ತಡವಾಗಿ. ಇಲ್ಲಿ ಬೀಗ ಹಾಕಬಹುದು, ಚಟಕ್ಕೆ ಔಷಧ ಕೊಡುವ ಏರ್ಪಾಡು ಇಲ್ಲ, ಬಿಡುಗಡೆಯಾದ ದಿನವೇ ಮನೋರೋಗದ ಆಸ್ಪತ್ರೆಗೆ ಕರೆದೊಯ್ಯಿರಿ, ಹಾಸಿಗೆಗೆ ನಾನು ಹೇಳಿಡುತ್ತೇನೆ ಎಂದರು. ಆಗಲಿ ಎಂದು ತಲೆಯಾಡಿಸಿ ಬಂದೆ.

ಅವನು ಬಿಡುಗಡೆಯಾಗುವ ಹೊತ್ತಿಗೆ ತುರ್ತು ಪರಿಸ್ಥಿತಿ ಮುಗಿದಿತ್ತು. ಊರ ತುಂಬ ಬಿಡುಗಡೆಯಾದವರಿಗೆ ಸನ್ಮಾನ. ವಾಡೆಯವರು ವಸಂತನಿಗೂ ಮಾಡಬೇಕೆಂದರು. ಬೇಡ ಎನ್ನಬಹುದಿತ್ತು — ನಾನೇ ಹೂವಿನ ಪೇಟೆಗೆ ಹೋಗಿ ಹಾರ ತಂದೆ. ಅವನು ತಲೆ ಬಗ್ಗಿಸಿ ನಿಂತ, ಜನ ಅದನ್ನು ವಿನಯ ಅಂದುಕೊಂಡರು. ಒಳಗೆ ಬಂದವನೇ ನನ್ನ ಕೈ ಹಿಡಿದ.

"ಅಣ್ಣಾ, ನನ್ನ ದವಾಖಾನಿಗೆ ಕರ್ಕೊಂಡ್ ಹೋಗು. ಹಿಂಗ ಬಿಟ್ರ ನಾ ಮತ್ತ ಕುಡೀತೀನಿ."

"ಇವತ್ತ ಹಾರ ಹಾಕಿದ ಮಂದಿಗೆ ನಾಳೆ ಹುಚ್ಚರ ದವಾಖಾನಿ ಅಂತ ಹ್ಯಾಂಗ ಹೇಳ್ಲಿ? ಸ್ವಲ್ಪ ದಿವಸ ತಡಿ."

ಅವನು ಇನ್ನೊಂದು ಸಲ ಕೇಳಲಿಲ್ಲ. ವಾರ ಕಳೆಯುವುದರೊಳಗೆ ಕುಡಿಯತೊಡಗಿದ. ಹೊರಗೆ ಯಾರ ಕಣ್ಣಿಗೂ ಬೀಳಬಾರದೆಂದು ನಾನೇ ಬಾಟಲಿ ತಂದು ಕೊಡುತ್ತಿದ್ದೆ. ಅವನ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದೆ — ಜೈಲಿನವರಿಗಿಂತ ನಾನೇನು ಬೇರೆ ಮಾಡಿದೆ? ಬಾಯಿ ಬಿಡಬೇಡ ಎಂದು, ಆಗ ನಮ್ಮ ಜೊತೆ ಪುಣೆಯಲ್ಲೇ ಇದ್ದ ನಿಮ್ಮ ಅವ್ವನಿಗೆ ತಾಕೀತು ಮಾಡಿದ್ದೆ. ಪಾಪ, ಅವಳು ಸಾಯುವವರೆಗೂ ಬಿಡಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ವಸಂತ ರಕ್ತ ಕಾರಿಕೊಂಡು ಸತ್ತ. ಒಳಗಿನ ಹಿಂಸೆಯಿಂದ ಹುತಾತ್ಮನಾದ ಎಂದರು ಜನ. ಅದಕ್ಕೂ ನಾನು ಹೂಂಗುಟ್ಟಿದೆ. ಆ ಹೂಂ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ, ಮಾಲತಿ.

ಈಗ ಸುಧೀರ. ವಾಂತಿ ನಿಂತಿಲ್ಲ, ಮೈ ಮುರಿದುಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದಾನೆ ಎಂದು ವಕೀಲರ ಗುಮಾಸ್ತ ಹೇಳಿದ. ಜೈಲಿನಲ್ಲಿ ಚಟ ಬಿಡುತ್ತದೆ ಎಂಬ ನಂಬಿಕೆ ನಿನಗೆ ಬಂದದ್ದು ನನ್ನ ಸುಳ್ಳಿನಿಂದ. ಹಾಗಾಗಿ ನಿನ್ನನ್ನು ದೂರುವ ಮುಖ ನನಗಿಲ್ಲ. ಕ್ಷಮಿಸು ಎಂದು ಕೇಳಲೂ...

ನಾಳೆ ಕೋರ್ಟಿನಲ್ಲಿ ಜಾಮೀನಿಗೆ ನಾನು ನಿಲ್ಲುತ್ತೇನೆ, ನೀನು ಬಂದರೂ ಬರದಿದ್ದರೂ. ಅಲ್ಲಿಂದ ಅವನನ್ನು ಸೀದಾ ಆಸ್ಪತ್ರೆಗೆ ಒಯ್ಯುತ್ತೇನೆ. ಮನೆತನದಲ್ಲಿ ಇಂಥ ಚಟ ಬೇರೆ ಯಾರಿಗಾದರೂ ಇತ್ತೇ ಎಂದು ಅಲ್ಲಿ ಕೇಳಿಯೇ ಕೇಳುತ್ತಾರೆ. ನಿನ್ನ ಅಪ್ಪನ ಹೆಸರು ಹೇಳುತ್ತೇನೆ. ಆಗ ಯಾಕೆ ಕರೆತರಲಿಲ್ಲ ಎಂದು ಕೇಳಿದರೆ — ಅವನು ಕೇಳಿಕೊಂಡಿದ್ದ, ನಾನು ಕರೆತರಲಿಲ್ಲ ಎಂದು ಹೇಳುತ್ತೇನೆ. ಸುಧೀರನ ಎದುರಿಗೇ ಹೇಳುತ್ತೇನೆ.