ದಪ್ಪಕ್ಷರದ ಬಡತನ

ಉಳ್ಳಾಗಡ್ಡಿ ಹೆಚ್ಚುವಾಗ ಕೆಳಗೆ ಹಳೆಯ ಪೇಪರ್ ಹಾಸಬಾರದು. ನನ್ನಂಥವರು ಹೆಚ್ಚುವುದನ್ನು ಬಿಟ್ಟು ಓದುತ್ತ ಕೂಡುತ್ತಾರೆ. ಇವತ್ತು ಬೆಳಿಗ್ಗೆ ಸಿಪ್ಪೆ ಸರಿಸಿ ನೋಡಿದರೆ, ‘ನಲ್ಲಿ ದುರಸ್ತಿ ವಿಳಂಬ: ಭುಗಿಲೆದ್ದ ಆಕ್ರೋಶ’. ಸುದ್ದಿಯೊಳಗೆ ಏನೂ ಭುಗಿಲೆದ್ದಿರಲಿಲ್ಲ. ನಾಲ್ಕು ಜನ ಹೋಗಿ ಮನವಿ ಕೊಟ್ಟು ಫೋಟೊಕ್ಕೆ ನಿಂತಿದ್ದರು, ಒಬ್ಬರಂತೂ ನಗುತ್ತಿದ್ದರು. ಪಕ್ಕದಲ್ಲಿ ‘ವರುಣನ ಆರ್ಭಟಕ್ಕೆ ಮುಂಡರಗಿ ತತ್ತರ’. ಮುಂಡರಗಿಯಲ್ಲಿ ನನ್ನ ಸೋದರತ್ತೆ ಇದ್ದಾಳೆ. ಅವತ್ತೇ ಫೋನ್ ಮಾಡಿದ್ದಳು. ಒಣಹಾಕಿದ ಹಪ್ಪಳ ತೊಯ್ದವು ಎಂದದ್ದು ಬಿಟ್ಟರೆ ತತ್ತರಿಸಿದ ಸುಳಿವನ್ನೇನೂ ಕೊಟ್ಟಿರಲಿಲ್ಲ.

ಇವಕ್ಕೆಲ್ಲ ಯಾಕಿಷ್ಟು ಸಿಡುಕು ಎಂದು ನೀವು ಕೇಳಬಹುದು. ಮೂಲೆಯಲ್ಲಿ ಇನ್ನೊಂದಿತ್ತು: ‘ಕಡುಬಡತನದಲ್ಲಿ ಅರಳಿದ ಪ್ರತಿಭೆ’. ಚಾಕು ಕೆಳಗಿಟ್ಟೆ. ನಾನೂ ಒಮ್ಮೆ ಹಾಗೆ ಅರಳಿದ್ದೆ.

ಪಿಯುಸಿ ಫಲಿತಾಂಶ ಬಂದಾಗ ವರದಿಗಾರರೊಬ್ಬರು ಬೆಟಗೇರಿಯ ನಮ್ಮ ಮನೆಗೆ ಬಂದಿದ್ದರು. ಅಪ್ಪ ನೇಕಾರ, ಅವ್ವ ಹೊಲಿಗೆ ಮಾಡುತ್ತಿದ್ದಳು. ನಡುಮನೆಯ ಮಗ್ಗ ಕಂಡಾಗಲೇ ಅವರ ಶೀರ್ಷಿಕೆ ಸಿದ್ಧವಾಗಿತ್ತೆಂದು ಈಗ ಅನಿಸುತ್ತದೆ. ನನ್ನಿಂದ ಹೂಂ, ಉಹೂಂ ಬಿಟ್ಟು ಬೇರೇನೂ ಹೊರಡದ್ದರಿಂದ ಅವ್ವನನ್ನೇ ಕೇಳಿದರು.

“ಊಟಕ್ಕ ಭಾಳ ತ್ರಾಸ ಆಗಿರಬೇಕಲ್ರಿ?”

“ತ್ರಾಸ ಏನ್ ಕೇಳ್ತೀರಿ! ಓದಾಕ ಕುಂತಳಂದ್ರ ಇಕಿ ಊಟಾನ ಮಾಡ್ತಿದ್ದಿಲ್ರಿ. ರೊಟ್ಟಿ ಹಿಡ್ಕೊಂಡು ಬೆನ್ನ ಹತ್ತಬೇಕಿತ್ತು.”

ಮರುದಿನ ಪೇಪರ್‌ನಲ್ಲಿ ನಾನು ಹಸಿದ ಹೊಟ್ಟೆಯಲ್ಲೇ ಓದಿ ಗೆದ್ದಿದ್ದೆ. ನಾವು ಸಿರಿವಂತರಲ್ಲ, ಖರೆ. ಬರೀ ಬಡತನ ಎಂದಿದ್ದರೆ ಅಪ್ಪ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಶೀರ್ಷಿಕೆಯಲ್ಲಿ ಬಡತನ ಎಂದೂ ಒಂಟಿಯಾಗಿ ಬರುವುದಿಲ್ಲ. ಅದರ ಮುಂದೆ ‘ಕಡು’ ನಡೆಯಬೇಕು.

ಹಿಂದಿನ ಸಂಜೆಯಷ್ಟೇ ಅವ್ವ ಓಣಿಗೆಲ್ಲ ಡಬ್ಬಿಗಳಲ್ಲಿ ಶೇಂಗಾ ಉಂಡಿ ಹಂಚಿದ್ದಳು. ನಮ್ಮಲ್ಲಿ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ. ಚಿಟಿಕೆ ಸಕ್ಕರೆಯೋ ಒಂದು ನಿಂಬೆಹಣ್ಣೋ ಹಾಕಿ ಕೊಡುತ್ತಾರೆ. ಅವತ್ತು ಡಬ್ಬಿಗಳು ತುಂಬಿ ಬಂದವು. ಜೋಳದ ಹಿಟ್ಟು, ತೊಗರಿಬೇಳೆ, ಮತ್ತೆ ಜೋಳದ ಹಿಟ್ಟು. ಅವ್ವ ಒಂದೊಂದೇ ಮುಚ್ಚಳ ತೆಗೆದು ನೋಡಿ ಮುಚ್ಚಿಟ್ಟಳು. ಕಡೆಗೆ ಎದುರುಮನೆಯ ನೀಲವ್ವ ತಾನೇ ಬಂದಳು.

“ಇದೇನ್ ನೀಲವ್ವ, ಇಷ್ಟು ತುಂಬಿ ತಂದೀ?”

“ಇರ್ಲಿ ತಗೋ, ಶಾಂತಕ್ಕ. ನಮಗೊಂದು ಮಾತ ಹೇಳಬಾರದಾಗಿತ್ತೇನು? ಎದುರಿಗೇ ಇದ್ದೂ ಗೊತ್ತಾಗ್ಲಿಲ್ಲ ನೋಡು.”

“ಏನ್ ಹೇಳಬೇಕಿತ್ತು?”

“ಪೇಪರ್‌ನ್ಯಾಗ ಬಂದೈತಲ್ಲ!”

ನೀಲವ್ವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಜಗಳಕ್ಕೆ ಬಂದಿದ್ದರೆ ಅವ್ವ ನಿಭಾಯಿಸುತ್ತಿದ್ದಳು. ಕರುಣೆಗೆ ಏನು ಉತ್ತರ ಕೊಡುವುದು?

“ಏ ಹುಡುಗಿ, ಸೆಕೆಂಡ್ ಕ್ಲಾಸಿನ್ಯಾಗ ಪಾಸಾಗಿದ್ರ ನಮ್ಮ ಮಾನಾರ ಉಳೀತಿತ್ತಲ್ಲ,” ಎಂದು ಅವಳು ಹೋದ ಮೇಲೆ ಅವ್ವ ನನ್ನ ಮೇಲೆ ಹರಿಹಾಯ್ದಳು. ಅಪ್ಪ ವರದಿಗಾರರನ್ನು ಹುಡುಕಿಕೊಂಡು ಗದಗಿಗೆ ಹೋಗಿ ಬಂದ. “ಛಲೋನ ಬರದೀನಲ್ರಿ ಯಜಮಾನ್ರ, ಹಂಗ ಬರೀಲಿಲ್ಲಂದ್ರ ಓದೋರ್ಯಾರು?” ಎಂದರಂತೆ.

ಓಣಿಗೆಲ್ಲ ಹೆಪ್ಪು ಹೋಗುತ್ತಿದ್ದದ್ದು ನಮ್ಮ ಮನೆಯಿಂದ. ಸಂಜೆಯಾದರೆ ಬಟ್ಟಲು ಹಿಡಿದು ಯಾರಾದರೂ ಬಾಗಿಲಲ್ಲಿ ನಿಂತಿರುತ್ತಿದ್ದರು. ಅಂದಿನಿಂದ ಯಾರೂ ಬರಲಿಲ್ಲ. ಬಡವರ ಮನೆಯ ಮೊಸರು ಕೇಳುವುದು ಹೇಗೆ? ಅವ್ವ ದಿನವೂ ಸ್ವಲ್ಪ ಮೊಸರು ಎತ್ತಿಡುವಳು, ಕತ್ತಲಾದ ಮೇಲೆ ಮಜ್ಜಿಗೆಗೆ ಸುರಿಯುವಳು. ಕೊನೆಗೊಂದು ದಿನ, ಬಂದ ಹಿಟ್ಟನ್ನೆಲ್ಲ ರೊಟ್ಟಿ ಬಡಿದು, ಬದನೆಕಾಯಿ ಎಣ್ಣಿಗಾಯಿ ಮಾಡಿ, ಓಣಿಯನ್ನೇ ಊಟಕ್ಕೆ ಕರೆದಳು. ಎಲ್ಲರೂ ಬಂದರು, “ಇಷ್ಟೆಲ್ಲ ಯಾಕ ಮಾಡಾಕ ಹೋದಿ?” ಎಂದರು. ಎರಡನೇ ಸಲ ಯಾರೂ ಬಡಿಸಿಕೊಳ್ಳಲಿಲ್ಲ.

ನೀಲವ್ವ ಮತ್ತೆ ಹೆಪ್ಪಿಗೆ ಬಂದದ್ದು ಶ್ರಾವಣ ಕಳೆದ ಮೇಲೆ. ಅವ್ವ ಬಟ್ಟಲು ತುಂಬಿಸಿ ಕಳಿಸಿ, ಒಳಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಒಂದು ಪದ ಅಚ್ಚಾಗಲು ಎಷ್ಟು ಹೊತ್ತು ಬೇಕು? ಅಳಿಯಲು ಒಂದು ಮಳೆಗಾಲವೇ ಬೇಕಾಯಿತು.

ಈಗ ನಾನು ಲಕ್ಷ್ಮೇಶ್ವರದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಉಳ್ಳಾಗಡ್ಡಿ ಅರ್ಧಕ್ಕೇ ನಿಂತಿದ್ದಾಗ ಫೋನ್ ಬಂತು. ಯಾರೋ ಹೊಸ ವರದಿಗಾರರು.

“ಮೇಡಮ್ಮಾರ, ನಿಮ್ಮ ಕಾಲೇಜಿನ ಸೊರಟೂರ ಹುಡುಗಿ ಫಸ್ಟ್ ಬಂದಾಳಂತಲ್ರಿ. ಮನ್ಯಾಗ ಪರಿಸ್ಥಿತಿ ಹೆಂಗೈತ್ರಿ?”

ಬೇರೆ ದಿನವಾಗಿದ್ದರೆ ‘ಗೊತ್ತಿಲ್ಲ’ ಎಂದು ಇಟ್ಟುಬಿಡುತ್ತಿದ್ದೆ. ಅಪರಿಚಿತರೊಡನೆ ಎರಡನೇ ವಾಕ್ಯ ನನಗೆ ಸಲೀಸಲ್ಲ.

“ನಕ್ಷಿ ಭಾಳ ಚಂದ ತಗೀತಾಳ್ರಿ. ನನ್ನ ತಪ್ಪನ್ನೂ ತೋರಿಸ್ತಾಳ.”

“ಅದು ಹೆಡ್ಡಿಂಗ್ ಆಗೂದಿಲ್ರಿ. ಅವರಪ್ಪ ಏನ್ ಮಾಡ್ತಾರ?”

“ಒಕ್ಕಲುತನ. ಹೋದ ತಿಂಗಳ ನಾ ಅವರ ಮನಿಗೆ ಹೋದಾಗ ಹೊಟ್ಟಿ ತುಂಬ ಉಣ್ಣಿಸಿ ಕಳಿಸ್ಯಾರ. ಬೇಕಾದ್ರ ಅದನ್ನೂ ಬರೀರಿ.”

ಅವರು ನಕ್ಕರು. “ಬರೇ ಹೆಸರು, ಮಾರ್ಕ್ಸು ಹಾಕಿದ್ರ ಸಪ್ಪಗ ಆಗ್ತೈತ್ರಿ.”

“ಆಗ್ಲಿ. ಈಗ ಏನ್ ಬರಕೊಂಡ್ರಿ, ಓದಿ ಹೇಳ್ರಿ.”

ಅತ್ತ ಹಾಳೆ ತಿರುವಿದ ಸದ್ದು. ನಾನು ಫೋನ್ ಇಡಲಿಲ್ಲ. ಅವರು ಕೆಮ್ಮಿ ಶುರುಮಾಡಿದರು: “ಕಷ್ಟಗಳ ನಡುವೆಯೂ...”

“ಅದನ್ನ ಹೊಡದು ಹಾಕ್ರಿ,” ಎಂದೆ. “ಮುಂದ ಓದ್ರಿ.”