ಮಾದೇವಿಯ ಸೊಂಟದ ಎಕ್ಸ್‌ರೇ

ಕೊಳ್ಳೇಗಾಲ ಎಂದೊಡನೆ ಮಾಟಮಂತ್ರದ ಮಾತು ತೆಗೆಯುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಅಲ್ಲಿಗೆ ವರ್ಗವಾದಾಗ ಮೈಸೂರಿನ ಗೆಳತಿಯರು, "ನಿಂಬೆಹಣ್ಣು ತುಳಿದೀಯೆ, ಜೋಪಾನ" ಎಂದು ರೇಗಿಸಿದ್ದರು. ನಾನೋ ಆಸ್ಪತ್ರೆಯ ಎಕ್ಸ್‌ರೇ ಕೋಣೆಯವಳು. ಕಣ್ಣಿಗೆ ಕಾಣದ ಕಿರಣವೂ ಫಿಲ್ಮಿನ ಮೇಲೆ ಬಿದ್ದರೆ ಕಪ್ಪು ಮಾಡಿಯೇ ತೀರುತ್ತದೆ ಎಂಬುದೊಂದೇ ನನ್ನ ಶಾಸ್ತ್ರ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಅರವತ್ತರ ದಶಕದ ಕೊನೆ. ಎಕ್ಸ್‌ರೇ ತೆಗೆಸಿಕೊಳ್ಳುವವರ ಮೈಮೇಲೆ ಎಷ್ಟು ಕಿರಣ ಬೀಳುತ್ತದೆಂದು ಅಳೆಯುವ ಕೆಲಸವನ್ನು ನಮ್ಮ ಡಾಕ್ಟರು ನನಗೆ ಒಪ್ಪಿಸಿದ್ದರು. ಕಪ್ಪು ಕಾಗದದಲ್ಲಿ ಸುತ್ತಿದ ಫಿಲ್ಮಿನ ಚೂರೊಂದನ್ನು ಕಿರಣ ಬೀಳುವ ಜಾಗದಲ್ಲಿ ಮೈಗೆ ಅಂಟಿಸುವುದು, ಆಮೇಲೆ ತೊಳೆದು ಎಷ್ಟು ಕಪ್ಪಾಗಿದೆ ಎಂದು ನೋಡುವುದು. ಜನ ಅದನ್ನು ತಾಯತ ಎಂದುಕೊಂಡರು! ಬಿಚ್ಚಿ ಕೊಡಲು ಒಲ್ಲೆ ಎನ್ನುವರು. ಯಳಂದೂರಿನ ಒಬ್ಬ ಯಜಮಾನರಂತೂ ಎಕ್ಸ್‌ರೇ ಬೇಡ, ತಾಯತ ಮಾತ್ರ ಕಟ್ಟಿ ಎಂದು ಪಟ್ಟು ಹಿಡಿದು ಕುಳಿತಿದ್ದರು.

ಹೀಗಿರುವಾಗ ಹನೂರಿನ ಕಡೆಯ ಮಾದೇವಿ ಎಂಬವಳು ಗಾಡಿಯಿಂದ ಬಿದ್ದು ಸೊಂಟನೋವೆಂದು ಅತ್ತೆಯ ಜೊತೆ ಬಂದಳು. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿರಲಿಲ್ಲ. ಬಸಿರೇನಾದರೂ ಇದೆಯೇ ಎಂದು ಕೇಳಿದ್ದಕ್ಕೆ, ಅಷ್ಟು ಪುಣ್ಯ ಎಲ್ಲಿದೆ ಎಂದು ನಕ್ಕಳು. ಕೆಳಹೊಟ್ಟೆಯ ಮೇಲೆ ಚೂರನ್ನು ಅಂಟಿಸಿದವಳೂ ನಾನೇ, ಕಿತ್ತು ಗುರುತು ಹಾಕಿದವಳೂ ನಾನೇ. ಮೂಳೆ ಮುರಿದಿರಲಿಲ್ಲ. ನೋವು ಹೋಗದೆ ಒಂದು ವಾರದಲ್ಲಿ ಅವಳು ಮತ್ತೆ ಬಂದಾಗ ಡಾಕ್ಟರು ಪರೀಕ್ಷಿಸಿ ನನ್ನನ್ನು ಕರೆಸಿದರು. ಅವಳು ಬಸುರಿ, ಎಕ್ಸ್‌ರೇ ತೆಗೆದ ದಿನವೂ ಬಸುರಿಯೇ!

"ಕೂಸ್ಗೇನೂ ಆಗಕಿಲ್ಲ ತಾನೇ, ಅಕ್ಕಾ?" ಎಂದು ಮಾದೇವಿ ನನ್ನ ಕೈ ಹಿಡಿದುಕೊಂಡಳು. ಆ ವಾರದ ಚೂರುಗಳನ್ನು ನಾನಿನ್ನೂ ತೊಳೆದಿರಲಿಲ್ಲ. ಅವಳನ್ನು ಅಲ್ಲೇ ಕೂರಿಸಿ ಕತ್ತಲೆ ಕೋಣೆಗೆ ಹೋದೆ.

ಅವಳಿಗಿಂತ ಮುಂಚೆ ಬಂದವರ ಚೂರು ಕಪ್ಪಾಯಿತು. ಆಮೇಲೆ ಬಂದವರದೂ ಕಪ್ಪಾಯಿತು. ಅವಳದು ಮಾತ್ರ ನೀರಿನ ಹಾಗೆ ತಿಳಿ. ಎಲ್ಲವೂ ಒಂದೇ ಡಬ್ಬದ ಫಿಲ್ಮು, ಒಂದೇ ತೊಟ್ಟಿಯಲ್ಲಿ ತೊಳೆದದ್ದು. ಅಂದು ತೆಗೆದಿಟ್ಟಿದ್ದ ಅವಳ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರೆ ಸೊಂಟದ ಒಂದೊಂದು ಮೂಳೆಯೂ ಸ್ಪಷ್ಟ! ಡಾಕ್ಟರು ಕನ್ನಡಕ ಒರೆಸಿ ಒರೆಸಿ ನೋಡಿ, "ಹೊಟ್ಟೆ ಮೇಲೆ ಕಿರಣ ಬಿದ್ದೇ ಇಲ್ಲವಲ್ಲಮ್ಮ" ಎಂದರು.

ಮಾದೇವಿಯ ಅತ್ತೆಗೆ ಮಾತ್ರ ಯಾವ ಅಚ್ಚರಿಯೂ ಇಲ್ಲ. "ಅದ್ಯಾಕವ್ವ ಇಂಗ್ ಬೆಪ್ಪಾಗ್ ನಿಂತಿದ್ದೀಯೆ? ತಾಯ್ತ ಕಟ್ದೋಳು ನೀನೇಯಾ!" ಎಂದು ನನ್ನ ಕೆನ್ನೆ ಸವರಿ ನೆಟಿಕೆ ಮುರಿದರು. ನಗುತ್ತ ನಗುತ್ತಲೇ ನನ್ನ ಕಣ್ಣು ತುಂಬಿ ಬಂತು.

ದಿನ ತುಂಬಿ ಹೆತ್ತ ಮಾದೇವಿ ಕೂಸನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ಗುಂಡುಗುಂಡಗಿನ ಹೆಣ್ಣು, ಬಂದೊಡನೆ ನನ್ನ ಸೀರೆ ಒದ್ದೆ ಮಾಡಿ ಆಸ್ಪತ್ರೆಯನ್ನೆಲ್ಲ ನಗಿಸಿತು. ಎಷ್ಟು ಸಂತೋಷವಾಯಿತೆಂದರೆ, ಆ ಹೊತ್ತು ಬೇರೇನೂ ನೆನಪಾಗಲಿಲ್ಲ.

ಫಿಲ್ಮು ಕೆಟ್ಟಿತ್ತೆಂದು ನೀವು ಹೇಳಬಹುದು. ನಾನೂ ಹಾಗೆಂದುಕೊಂಡು ನೋಡಿದ್ದೇನೆ. ಆದರೆ ಕೆಟ್ಟ ಫಿಲ್ಮು ಕಪ್ಪಾಗುತ್ತದೆಯೇ ಹೊರತು ತಿಳಿಯಾಗುವುದಿಲ್ಲ. ತಾಯಿಯ ಮೂಳೆಗಳನ್ನೆಲ್ಲ ಚಿತ್ರ ಬರೆದು ತೋರಿಸಿದ ಆ ಕಿರಣ, ಕೂಸನ್ನು ಮುಟ್ಟದೆ ಸುತ್ತಿ ಬಳಸಿ ಯಾವ ದಾರಿಯಲ್ಲಿ ಹೋಯಿತೋ, ನನಗೆ ಇಂದಿಗೂ ತಿಳಿದಿಲ್ಲ.