ಕೆರೆಗೆ ಹೋಗದವಳು

ದೊಡ್ಡವ್ವನ ಬಲ ಅಂಗೈಯಲ್ಲಿ ಅಡ್ಡಕ್ಕೆ ಎರಡು ಜಡ್ಡುಗೆರೆಗಳಿದ್ದವು. ದೇವಾಲಯದ ಗಂಟೆಯ ಹಗ್ಗ ಎಳೆದೂ ಎಳೆದೂ ಆದವು. ಪ್ರೀತಿಯಿಂದ ಕೆನ್ನೆ ಸವರಿದರೂ ಚುರ್ ಎನ್ನುತ್ತಿತ್ತು. ಬೇಗೂರಿನಲ್ಲಿ ಬಸ್ಸಿಳಿದು ನಡೆದು ಹೋಗಬೇಕಾದ ನಮ್ಮೂರಿನಲ್ಲಿ ಪುಟ್ಟದೊಂದು ಮೆಥೊಡಿಸ್ಟ್ ಕ್ರೈಸ್ತ ಸಭೆ; ಚರ್ಚನ್ನು ನಾವು ದೇವಾಲಯ ಎಂದೇ ಕರೆಯುವುದು. ಪಾದ್ರಿ ಅಯ್ಯನವರು ಚಾಮರಾಜನಗರದಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದಂತೆ ಸಭೆಯನ್ನು ಹಿಡಿದು ನಿಲ್ಲಿಸಿದ್ದವಳು ನನ್ನ ದೊಡ್ಡಪ್ಪನ ಹೆಂಡತಿಯಾದ ಈಕೆ. ಗುಡಿಸುವುದು, ಗಂಟೆ ಹೊಡೆಯುವುದು, ತೂಕಡಿಸುವವರ ಬೆನ್ನು ತಿವಿಯುವುದು ಎಲ್ಲ ಅವಳದೇ. ಯಾರಾದರೂ ಗಂಟಲು ಹರಿದುಕೊಂಡು ಪ್ರಾರ್ಥಿಸಿದರೆ, "ದೇವ್ರ ಕಿವಿ ಚೆನ್ನಾಗವೆ, ಮೆಲ್ಗೆ ಏಳು" ಎನ್ನುತ್ತಿದ್ದಳು.

ಸಭೆ ಹುಟ್ಟಿದ ಕತೆ ಅವಳ ಬಾಯಲ್ಲೇ ಕೇಳಬೇಕು. ಹನ್ನೊಂದು ಮನೆಯವರು ಒಂದೇ ಬೆಳಿಗ್ಗೆ ಕೆರೆಯ ಮೆಟ್ಟಿಲಿನಲ್ಲಿ ದೀಕ್ಷಾಸ್ನಾನ ಪಡೆದದ್ದು, ಅಯ್ಯನವರು ತಂಬಿಗೆಯಲ್ಲಿ ನೀರು ಮೊಗೆದು ಹೊಯ್ದದ್ದು, ನನ್ನ ತಾತನ ಪೇಟ ನೀರಿಗೆ ಬಿದ್ದು ತೇಲಿ ಹೋದದ್ದು, ನಮ್ಮಜ್ಜಿ ಚಳಿಗೆ ಹಲ್ಲು ಕಡಿದದ್ದು. ಅಲ್ಲಿದ್ದ ಹಿರಿಯರಿಗೂ ತಮ್ಮ ತಮ್ಮ ತಲೆಯ ಮೇಲೆ ನೀರು ಬಿದ್ದದ್ದಷ್ಟೇ ನೆನಪು. ಇವಳಿಗೆ ಎಲ್ಲರದೂ ಗೊತ್ತಿತ್ತು.

ತೊಂಬತ್ತರ ದಶಕದಲ್ಲಿ ಸಭೆಗೆ ಐವತ್ತು ತುಂಬಿತು. ಮೊದಲು ದೀಕ್ಷಾಸ್ನಾನ ಪಡೆದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಬೇಕು, ಒಂದು ಚರಿತ್ರೆಯನ್ನೂ ಬರೆಯಬೇಕು ಎಂದು ತೀರ್ಮಾನವಾಯಿತು. ಗುಂಡ್ಲುಪೇಟೆಯಲ್ಲಿ ಟೀಚರ್ ಆಗಿದ್ದ ನನ್ನ ತಲೆಗೇ ಕಟ್ಟಿದರು. ಚಾಮರಾಜನಗರಕ್ಕೆ ಹೋಗಿ ಅಯ್ಯನವರ ಬಳಿಯಿದ್ದ ದೀಕ್ಷಾಸ್ನಾನದ ಹಳೆಯ ದಾಖಲೆ ಪುಸ್ತಕ ತೆಗೆಸಿದೆ. ತಾತ, ಅಜ್ಜಿ, ದೊಡ್ಡಪ್ಪ, ಮೊಣಕಾಲೆತ್ತರದ ನಮ್ಮಪ್ಪ, ಎಲ್ಲರೂ ಇದ್ದರು. ದೊಡ್ಡವ್ವ ಇರಲಿಲ್ಲ. ಮುಂದಿನ ವರ್ಷಗಳ ಪುಟಗಳನ್ನೂ ಮೂರು ಸಲ ತಿರುವಿದೆ. ಅಲ್ಲೂ ಇರಲಿಲ್ಲ.

ಮರುದಿನ ಭಾನುವಾರ. ದೇವಾಲಯದ ಹಿಂದಿನ ಕೋಣೆಯಲ್ಲಿ ಅವಳು ಕರ್ತನ ಭೋಜನಕ್ಕೆ ರೊಟ್ಟಿ ಮುರಿದಿಡುತ್ತಿದ್ದಳು.

"ದೊಡ್ಡವ್ವ, ಪುಸ್ತಕದಲ್ಲಿ ನಿನ್ನೆಸ್ರೇ ಇಲ್ವಲ್ಲ?"

"ಎಲ್ಲಿಂದ ಬಂದದು ಕಣಮ್ಮಿ? ನಂಗೆ ದೀಕ್ಷಾಸ್ನಾನವೇ ಆಗಿಲ್ಲ."

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಆವತ್ತು ಕೂಸು ಉಟ್ಟಿ ಮೂರು ದಿನ. ಪುರುಡಿನ ಮೈನಲ್ಲಿ ಕೆರೆ ನೀರು ಮುಟ್ಟುದ್ರೆ ಮೈಲಿಗೆ ಅಂತ ನಿಮ್ಮಜ್ಜಿ ಬಾಗ್ಲು ಎಳ್ಕಂಡು ಓದ್ರು. ನಾನು ಕೆರೆ ತಾವ್ಕೆ ಓಗೇ ಇಲ್ಲ. ಕಂಡೋರ್‌ನೆಲ್ಲ ಕೇಳಿ ಕೇಳಿ ತಿಳ್ಕಂಡೆ."

ಹಳೆಯದನ್ನೆಲ್ಲ ಬಿಟ್ಟುಬರಲು ಹೊರಟ ನನ್ನಜ್ಜಿ, ಹಳೆಯ ಮೈಲಿಗೆಯ ಲೆಕ್ಕ ಹಿಡಿದು ಬಾಣಂತಿ ಸೊಸೆಯನ್ನು ಒಳಗೆ ಕೂಡಿಹಾಕಿ ಹೋಗಿದ್ದಳು. ಎಂಟನೆಯ ದಿನ ಕೂಸು ತೀರಿಕೊಂಡಿತು. ದೀಕ್ಷಾಸ್ನಾನವಾಗದ ಕೂಸು ಸಭೆಯ ಸಮಾಧಿ ಜಾಗಕ್ಕೆ ಬೇಡ ಎಂದರು ನಮ್ಮವರೇ. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ.

"ಆಮೇಲಾದ್ರೂ ಮಾಡಿಸ್ಕೋಬೋದಿತ್ತಲ್ಲ?"

"ಕೂಸ ಆಚೆ ಬುಟ್ಟು ನಾನೊಬ್ಳೇ ಒಳಕ್ಕೆ ಓಗ್ಲಾ?"

ದೀಕ್ಷಾಸ್ನಾನವಾದವರಷ್ಟೇ ತೆಗೆದುಕೊಳ್ಳುವ ಆ ಭೋಜನದ ಹೊತ್ತಿಗೆ ಅವಳು ಲೋಟ ತೊಳೆಯುವ ನೆಪದಲ್ಲಿ ಹಿಂದೆಯೇ ಉಳಿಯುತ್ತಿದ್ದದ್ದು ಆಗ ಹೊಳೆಯಿತು. ಅಷ್ಟು ವರ್ಷ ಎಲ್ಲರಿಗೂ ರೊಟ್ಟಿ, ದ್ರಾಕ್ಷಾರಸ ಸಿದ್ಧಮಾಡಿದವಳು ಒಮ್ಮೆಯೂ ಬಾಯಿಗಿಟ್ಟಿರಲಿಲ್ಲ. ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ನಾ ಸಾಯಗಂಟ ಯಾರ್ಗೂ ಏಳ್ಬ್ಯಾಡ, ಗಂಟೆ ಮುಟ್ಟಾಕೆ ಬುಡಾಕಿಲ್ಲ. ಸತ್ತಾಗ ಏಳು. ನನ್ನ ಕೂಸಿನ ತಾವ ಆಕ್ಸು. ನೀ ಓದ್ದೋಳು, ನಿನ್ ಮಾತು ಕೇಳ್ತಾರೆ."

ಆಗಲಿ ಎಂದೆ. ಕಲ್ಲಿನಲ್ಲಿ ಮನೆ ಯಜಮಾನರ ಹೆಸರು ಮಾತ್ರ ಸಾಕು ಎಂದು ಹೇಳಿ ಆ ವಿಷಯ ಮುಚ್ಚಿದೆ.

ಎರಡು ವರ್ಷದ ಮೇಲೆ ದೊಡ್ಡವ್ವ ಜ್ವರದಲ್ಲಿ ಹೋದಳು. ನಾನು ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಸಭೆಯ ಸಮಾಧಿ ಜಾಗದಲ್ಲಿ, ಹಿಂದೆಯೇ ತೀರಿಕೊಂಡಿದ್ದ ದೊಡ್ಡಪ್ಪನ ಪಕ್ಕದಲ್ಲೇ ಗುಂಡಿ ತೋಡಿದ್ದರು. ಊರಿಗೆ ಊರೇ ಸೇರಿತ್ತು. ಲಿಂಗಾಯತರ ಬೀದಿಯಿಂದಲೂ ಹಾರ ಬಂದಿತ್ತು. ನಾನು ಅಯ್ಯನವರ ಪಕ್ಕಕ್ಕೆ ಹೋಗಿ ನಿಂತೆ. "ಈ ಸಭೆಯ ಮೊದಲ ದೀಕ್ಷಾಸ್ನಾನ ಪಡೆದವರಲ್ಲಿ ಕಡೆಯ ತಾಯಿ ಇವರು" ಎಂದು ಅವರು ಹೇಳುತ್ತಿದ್ದರು. ಹೆಂಗಸರು ಸೆರಗು ಬಾಯಿಗೊತ್ತಿ ಅಳುತ್ತಿದ್ದರು. ಈಗ ಹೇಳಬೇಕು, ಈಗ ಎಂದುಕೊಂಡೆ. ನಾಲಿಗೆ ಏಳಲಿಲ್ಲ. ಅಷ್ಟು ಜನರ ಮುಂದೆ ಅವಳು ಸಭೆಯವಳೇ ಅಲ್ಲ ಎಂದಂತಾಗುತ್ತದೆ ಎಂದು ನೆಪ ಹೇಳಿಕೊಂಡೆ. ನಿಜ ಹೇಳುವುದಾದರೆ, ಹೆದರಿದೆ. ಎಲ್ಲರ ಜೊತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಎರಡು ವರ್ಷ ಅಜ್ಜಿಯನ್ನು ಬೈದುಕೊಂಡವಳು ನಾನು.

ಸಭೆಯ ಚರಿತ್ರೆ ಅಚ್ಚಾಗಿದೆ. ಅದರಲ್ಲಿರುವುದೆಲ್ಲ ಅವಳು ಹೇಳಿದ್ದೇ. ಈಗಲೂ ಕೆಲವು ದಿನ ನನ್ನನ್ನು ಕೊರೆಯುವುದು ಬೇರೆಯೇ. ಅಂದು ಧೈರ್ಯ ಮಾಡಿ ಬಾಯಿ ತೆರೆದಿದ್ದರೆ, ಕೂಸು ಎಲ್ಲಿದೆ, ತೋರಿಸು ಎನ್ನುತ್ತಿದ್ದರು. ನಮ್ಮದು ನಾಲ್ಕು ಕಡೆ ಹೊಲ. ಕೆರೆಯ ಕತೆಯನ್ನು ನೂರು ಸಲ ಹೇಳಿಸಿಕೊಂಡ ನಾನು, ಯಾವ ಬದು ಎಂದು ಅವಳನ್ನು ಕೇಳಿಯೇ ಇರಲಿಲ್ಲ.